ಜೋಯಿಸರು ಎಷ್ಟು ಮಂದಿ?

ಕ್ರಿಸ್ಮಸ್ ನಾಟಕದಲ್ಲಿ ಕೂಸು ಯೇಸುವನ್ನು ಕಾಣಲು ಬರುವ ಮೂಡಣದ ಜೋಯಿಸರು ಮೂವರು. ಮತ್ತಾಯನ ಸುವಾರ್ತೆಯಲ್ಲಿ ಅವರ ತಲೆಯೆಣಿಕೆ ಇಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರಿದ್ದುದರಿಂದ, ತಂದವರೂ ಮೂವರೇ ಎಂದು ಲೆಕ್ಕ ಸರಿತೂಗಿಸಿದವರು ಆಮೇಲಿನವರು. ಕಿರೀಟ ತೊಡಿಸಿದ್ದು, ಒಂಟೆ ಹತ್ತಿಸಿದ್ದು, ಹೆಸರಿಟ್ಟದ್ದು ಎಲ್ಲ ಅವರದೇ ಉಪಕಾರ. ಜೋಯಿಸರು ಕೊಟ್ಟಿಗೆಗೂ ಹೋದವರಲ್ಲ. ಮತ್ತಾಯನಲ್ಲಿ ಅವರು ಹೊಕ್ಕಿದ್ದು ಮನೆಯನ್ನು. ಗೋದಲಿಯೂ ಕುರುಬರೂ ಲೂಕನ ಪಾಲು.

ಇಷ್ಟು ಓದಿಕೊಂಡ ಸಂಡೆ ಸ್ಕೂಲ್ ಟೀಚರ ಪಾಡನ್ನು ಡಿಸೆಂಬರಿನಲ್ಲಿ ನೋಡಬೇಕು. ಎಷ್ಟು ಮಂದಿ ಎಂದು ಬರೆದಿಲ್ಲವೆಂಬ ಸತ್ಯ ಬಾಯಿಂದ ಜಾರಿದ್ದೇ ತಡ, ಕುರಿ ವೇಷಕ್ಕೆ ಗೊತ್ತಾದ ಮಕ್ಕಳೆಲ್ಲ ಜೋಯಿಸರಾಗಲು ಎದ್ದು ನಿಲ್ಲುತ್ತಾರೆ. ಜೋಯಿಸರು ಹನ್ನೊಂದು, ಕಾಣಿಕೆ ಮೂರು. ಉಳಿದವರ ಕೈಗೆ ಊದುಬತ್ತಿ ಕಟ್ಟು, ಸ್ಟೀಲ್ ಡಬ್ಬಿ, ಅಡಿಕೆ ತಟ್ಟೆ. ಏನೂ ಸಿಗದವನಿಗೆ ಟಾರ್ಚು. ಟಾರ್ಚು ಸಿಕ್ಕವನು ತಾನೇ ನಕ್ಷತ್ರವೆಂದು ಮುಂದೆ ಹೊರಡುತ್ತಾನೆ, ನಿಜವಾದ ನಕ್ಷತ್ರ ಅಳುತ್ತದೆ. ಕುರಿಗಳಿಲ್ಲದ ಕುರುಬ ಯಾರನ್ನು ಕಾಯಬೇಕೆಂದು ಕೇಳುತ್ತಾನೆ. ಅವರು ರಾಜರಲ್ಲ, ಕಿರೀಟ ಬೇಡ ಎಂದು ಹೇಳಿನೋಡಿದರೆ, ರಾತ್ರಿ ನಿದ್ದೆಗೆಟ್ಟು ಚಿನ್ನದ ಕಾಗದ ಅಂಟಿಸಿದ ತಾಯಂದಿರ ಮುಂದೆ ಮತ್ತಾಯನ ಸಾಕ್ಷಿ ನಡೆಯುವುದಿಲ್ಲ. ಕಡೆಗೆ ಸಭಾಪಾಲಕರು ಬಂದು ಮೂವರೇ ಇರಲಿ ಎಂದು ತೀರ್ಮಾನ ಕೊಡುತ್ತಾರೆ. ಕಾರಣ ಸ್ಪಷ್ಟ: ಕಿರೀಟ ಇರುವುದು ಮೂರೇ.

ಇಂಥ ಉಳಿದ ತಪ್ಪು ನಂಬಿಕೆಗಳು ಬೇಗ ಮುಗಿಯುತ್ತವೆ. ಹವ್ವ ತಿಂದದ್ದು ಸೇಬೆಂದು ಆದಿಕಾಂಡ ಹೇಳುವುದಿಲ್ಲ. ಯೋನನನ್ನು ನುಂಗಿದ್ದು ಒಂದು ದೊಡ್ಡ ಮೀನು, ತಿಮಿಂಗಿಲವೆಂದು ಬರೆದಿಲ್ಲ. ನೋಹನ ನಾವೆಗೆ ಶುದ್ಧ ಪಶುಗಳು ಒಂದೊಂದು ಜೋಡಿಯಲ್ಲ, ಏಳೇಳು ಜೋಡಿ ಹತ್ತಿದವು. ಮಕ್ಕಳು ಇದನ್ನೆಲ್ಲ ಖುಷಿಯಿಂದ ಒಪ್ಪುತ್ತಾರೆ. ಒಪ್ಪದವರು ದೊಡ್ಡವರು; ಬೈಬಲ್ ಕೈಯಲ್ಲೇ ಇದ್ದರೂ ಅವರು ತೋರಿಸುವುದು ಗೋಡೆಯ ಕ್ಯಾಲೆಂಡರಿನ ಚಿತ್ರವನ್ನು.

ಇದು ಚರ್ಚಿನ ಕಾಂಪೌಂಡಿನೊಳಗಷ್ಟೇ ಇರುವ ಕಾಯಿಲೆಯಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲೆ ಕದಂಬರ ಕಥೆಯಿದೆ. ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದಲ್ಲಿ, ಕುಬ್ಜ ಕವಿ ರಚಿಸಿದ ಶಾಸನ ಅದು. ಗುರು ವೀರಶರ್ಮನೊಡನೆ ಓದಲು ಕಂಚಿಯ ಘಟಿಕೆಗೆ ಹೋದ, ಮುಂದೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮನಿಗೆ ಪಲ್ಲವರ ರಾವುತನೊಡನೆ ಜಗಳವಾಯಿತು; ದರ್ಭೆ, ಸಮಿತ್ತು ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯಿತು. ಜಗಳ ಯಾತಕ್ಕೆ ಹತ್ತಿತೆಂದು ಕುಬ್ಜ ಬಿಡಿಸಿ ಹೇಳಿಲ್ಲ. ಕವಿ ಬಿಟ್ಟ ಜಾಗವನ್ನು ತುಂಬುವವರಿಗೆ ಬರವಿಲ್ಲ. 1975ರ ‘ಮಯೂರ’ ಚಿತ್ರ ಬಂದಮೇಲೆ ಮಯೂರಶರ್ಮ ಎಂದರೆ ಕಣ್ಣಿಗೆ ಬರುವುದು ರಾಜ್‌ಕುಮಾರ್. ಇದರಿಂದ ಅವನಿಗೇನೂ ನಷ್ಟವಿಲ್ಲ. ಅಷ್ಟು ಚೆಂದದ ಮುಖವನ್ನು ಯಾವ ಶಾಸನ ಕೊಟ್ಟೀತು?

ಮಗ್ದಲದ ಮರಿಯಳ ಅದೃಷ್ಟ ಹಾಗಿರಲಿಲ್ಲ. ಅವಳು ವೇಶ್ಯೆಯೆಂದು ಯಾವ ಸುವಾರ್ತೆಯೂ ಹೇಳುವುದಿಲ್ಲ. ಅವಳನ್ನು ಏಳು ದೆವ್ವಗಳು ಬಿಟ್ಟುಹೋದವು, ಯೇಸುವಿನ ಜೊತೆ ತಿರುಗಾಡಿ ತಮ್ಮ ಸ್ವಂತ ಹಣದಿಂದ ನೆರವಾದ ಹೆಂಗಸರಲ್ಲಿ ಅವಳೂ ಒಬ್ಬಳು ಎನ್ನುತ್ತಾನೆ ಲೂಕ. ಅದೇ ಲೂಕನಲ್ಲಿ ಬರುವ ಹೆಸರಿಲ್ಲದ ಪಾಪಿ ಹೆಂಗಸೂ ಇವಳೂ ಒಬ್ಬಳೇ ಎಂದು ಪೋಪ್ ಗ್ರೆಗೊರಿ 591ರಲ್ಲಿ ಪ್ರಸಂಗ ಮಾಡಿದರು. ಕ್ಯಾಥೊಲಿಕ್ ಸಭೆ ತನ್ನ ಪಂಚಾಂಗದಲ್ಲಿ ಆ ಗಂಟು ಬಿಡಿಸಿದ್ದು 1969ರಲ್ಲಿ. ಒಂಟೆ ಹತ್ತಿಸಿದ್ದಕ್ಕೆ ನಗಬಹುದು, ಇದಕ್ಕೆ ನಗು ಬರುವುದಿಲ್ಲ. ಈಗಲೂ ಈಸ್ಟರ್ ನಾಟಕದಲ್ಲಿ ಆ ಪಾತ್ರಕ್ಕೆ ಮಗಳನ್ನು ಕಳಿಸಲು ಹಿಂಜರಿಯುವ ತಾಯಿಯ ಮುಂದೆ ಟೀಚರು ತೆರೆದಿಡಬೇಕಾದದ್ದು ಯೋಹಾನನ 20ನೇ ಅಧ್ಯಾಯ: ಸಮಾಧಿಯಿಂದ ಎದ್ದ ಯೇಸುವನ್ನು ಅಲ್ಲಿ ಮೊದಲು ಕಂಡವಳು, ಶಿಷ್ಯರಿಗೆ ಸುದ್ದಿ ಮುಟ್ಟಿಸಿದವಳು ಈ ಮರಿಯಳೇ.