ವಿ ಅಂದ್ರ ವಿರೂಪಾಕ್ಷ

ಹೊರನಾಡ ಮಕ್ಕಳಿಗೆ ಹೆತ್ತವರ ಮೇಲೆ ಪ್ರೀತಿ ಉಕ್ಕಿ ಬರುವ ಕಾಲ ದಸರಾ-ದೀಪಾವಳಿ. ಊರ ನೆನಪು, ಹೋಳಿಗೆಯ ನೆನಪು ಎಲ್ಲ ಇದ್ದದ್ದೇ. ಆದರೆ ನಿಜವಾದ ಕಾರಣ, ಇಂಡಿಯಾದಲ್ಲಿ ಆಗ ಆನ್‌ಲೈನ್ ಸೇಲ್ ಶುರುವಾಗಿರುತ್ತದೆ. ಸಂಬಳವನ್ನು ಡಾಲರಿನಲ್ಲಿ ಎಣಿಸಿ, ರಿಯಾಯಿತಿಯನ್ನು ರೂಪಾಯಿಯಲ್ಲಿ ಲೆಕ್ಕ ಹಾಕುವ ಸುಖ ಅನುಭವಿಸಿದವರಿಗೇ ಗೊತ್ತು. ನ್ಯೂಜೆರ್ಸಿಯ ಸೋಫಾದ ಮೇಲೆ ಕಾಲು ಚಾಚಿ, ಒಂದು ಬೆರಳಾಡಿಸಿ ಹೊಸಪೇಟೆಗೆ ಮಿಕ್ಸರ್ ಕಳಿಸಬಹುದು, ಬಿಪಿ ನೋಡುವ ಯಂತ್ರ ಕಳಿಸಬಹುದು. ಕಳಿಸಿದವನಿಗೆ ಶ್ರವಣಕುಮಾರನಾದ ತೃಪ್ತಿ. ಪೆಟ್ಟಿಗೆ ಒಡೆದ ಮೇಲಿನ ಪಾಡು ಕಾವಡಿಯಲ್ಲಿ ಕೂತವರದು. 2024ರ ದಸರಾಕ್ಕೆ ನಾನು ಅಪ್ಪನಿಗೊಂದು ಲ್ಯಾಪ್‌ಟಾಪ್ ಕಳಿಸಿದೆ.

ನೀರಾವರಿ ಇಲಾಖೆಯಿಂದ ನಿವೃತ್ತರಾಗಿ, ಪೇಪರ್ ಓದಿ, ಅವ್ವನ ಕೈಲಿ ಬೈಸಿಕೊಂಡು ಆರಾಮಾಗಿದ್ದ ಅಪ್ಪನಿಗೆ ಲ್ಯಾಪ್‌ಟಾಪ್ ಯಾಕೆ ಎಂದು ನೀವು ಕೇಳಬಹುದು. ಹೊಸಪೇಟೆಯಲ್ಲಿ ಸ್ವಂತ ಮನೆ ಇದ್ದವರ ಕಷ್ಟ ಹೊರಗಿನವರಿಗೆ ತಿಳಿಯುವುದಿಲ್ಲ. ಹಂಪಿ ಹದಿಮೂರು ಕಿಲೋಮೀಟರಿನಲ್ಲಿರುವ ತಪ್ಪಿಗೆ ಏಳು ತಲೆಮಾರಿನ ನೆಂಟರೂ ಒಂದಲ್ಲ ಒಂದು ರಜೆಯಲ್ಲಿ ಬಂದು ಇಳಿಯುತ್ತಾರೆ. ಬೆಳಿಗ್ಗೆ ಒಗ್ಗರಣಿ-ಮಿರ್ಚಿ ತಿಂದು, ಕೈ ಒರೆಸಿಕೊಳ್ಳುತ್ತ, ಮೊದಲು ಎಲ್ಲಿಗೆ ಹೋಗಬೇಕು, ವಿಠ್ಠಲ ಗುಡಿಗೆ ಎಷ್ಟು ನಡೀಬೇಕು, ಸಾಸಿವೆಕಾಳು ಗಣಪ ದೊಡ್ಡವನೋ ಕಡಲೆಕಾಳು ಗಣಪ ದೊಡ್ಡವನೋ ಎಂದು ಅವವೇ ಪ್ರಶ್ನೆ ಕೇಳುತ್ತಾರೆ. (ಕಡಲೆಕಾಳಿನವನೇ ದೊಡ್ಡವ.) ಹೇಳಿ ಹೇಳಿ ಬಾಯಿ ಸೋತ ಅಪ್ಪ, ಎಲ್ಲವನ್ನೂ ಒಮ್ಮೆ ಟೈಪ್ ಮಾಡಿ, ಪ್ರಿಂಟ್ ತೆಗೆಸಿ, ಮಿರ್ಚಿಯ ತಟ್ಟೆ ಜೊತೆ ಕೈಗೆ ಕೊಟ್ಟುಬಿಡಬೇಕು ಎಂದು ತೀರ್ಮಾನಿಸಿದ್ದರು.

ಆಯುಧಪೂಜೆಯ ದಿನ ಸ್ಕೂಟರು, ಹೊಲಿಗೆ ಮಷಿನ್ನು, ಈಳಿಗೆಮಣೆಯ ಸಾಲಿನಲ್ಲಿ ಲ್ಯಾಪ್‌ಟಾಪಿಗೂ ಕುಂಕುಮ ಬಿತ್ತು, ಮುಂದೆ ತೆಂಗಿನಕಾಯಿ ಒಡೆಯಿತು. ಆಮೇಲೆ ಮೊಮ್ಮಗಳ ಜೊತೆ ವಿಡಿಯೋ ಕಾಲ್. ಹತ್ತಿಪ್ಪತ್ತು ನಿಮಿಷ ಎಲ್ಲ ಸುಸೂತ್ರ. ಆಮೇಲೆ ಪರದೆಯ ತುಂಬ ಹಸಿರು ಗೆರೆ ಎದ್ದು, ನನ್ನ ಮಗಳ ಮುಖ ಅರ್ಧ ಉಳಿದು ಅರ್ಧ ಹೋಯಿತಂತೆ. ಮುಚ್ಚಳವನ್ನು ತುಸು ಹಿಂದಕ್ಕೆ ಬಾಗಿಸಿ ಹಿಡಿದರೆ ಬರುತ್ತದೆ, ಕೈ ಬಿಟ್ಟರೆ ಹೋಗುತ್ತದೆ. ಹಿಂಜಿನ ಹತ್ತಿರ ಹಾಯ್ದುಹೋಗುವ ಡಿಸ್‌ಪ್ಲೇ ಕೇಬಲ್ ಸಡಿಲ ಎಂದು ನನಗೆ ಕೂತಲ್ಲೇ ಗೊತ್ತಾಯಿತು. ಗೊತ್ತಾಗಿ ಏನು ಉಪಯೋಗ? ಕಸ್ಟಮರ್ ಕೇರಿನಲ್ಲಿ ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ಒಂದೇ ಪಂಕ್ತಿ, ಎಲ್ಲರೂ ಪ್ಲಗ್ ಹಾಕಿದ್ದೀರಾ ಎಂಬಲ್ಲಿಂದಲೇ ಶುರು ಮಾಡಬೇಕು.

ಮೊದಲು ನಾನೇ ಫೋನ್ ಹಚ್ಚಿದೆ. ಇಂಡಿಯಾದ ಟೋಲ್-ಫ್ರೀ ನಂಬರು ಅಮೆರಿಕದಿಂದ ಹತ್ತಲಿಲ್ಲ. ಹೋಗಲಿ ಎಂದು ಅದೇ ಕಂಪನಿಯ ಅಮೆರಿಕದ ನಂಬರಿಗೆ ಮಾಡಿದೆ. ಎತ್ತಿದವನು ತನ್ನ ಹೆಸರು ಮೈಕ್ ಎಂದ. ಮೈಕಿನ ಬೆನ್ನ ಹಿಂದೆ ಯಾರೋ "ಲೋ, ಕಾಫಿಗೆ ಬರ್ತೀಯೇನೋ?" ಎಂದು ಕರೆದದ್ದು ಸ್ಪಷ್ಟವಾಗಿ ಕೇಳಿಸಿತು. ಬೆಂಗಳೂರಿನಲ್ಲಿ ಕೂತ ಮೈಕ್ ಬಹಳ ವಿನಯದಿಂದ, ಇದು ಇಂಡಿಯಾದಲ್ಲಿ ಕೊಂಡ ಮಷಿನ್ನು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ದಯವಿಟ್ಟು ಇಂಡಿಯಾಕ್ಕೆ ಫೋನ್ ಮಾಡಿ ಎಂದ.

ಹೀಗಾಗಿ ಕಾಳಗ ಅಪ್ಪನ ಹೆಗಲಿಗೆ ಬಿತ್ತು. ಅಪ್ಪ ಒಂದು ಕಿವಿಗೆ ಕಂಪನಿಯ ಫೋನ್ ಹಿಡಿಯುವುದು, ಅವ್ವನ ಮೊಬೈಲಿನ ವಾಟ್ಸಾಪಿನಲ್ಲಿ ನಾನು ಸಾಕ್ಷಿಯಾಗಿ ಇರುವುದು. ಅವರಿಗೆ ಬೆಳಿಗ್ಗೆ ಹತ್ತು, ನನಗೆ ರಾತ್ರಿ ಹನ್ನೆರಡೂವರೆ. ಆ ಕಡೆಯ ಹುಡುಗಿ ಸೀರಿಯಲ್ ನಂಬರ್ ಕೇಳಿದಳು. ಅದು ಲ್ಯಾಪ್‌ಟಾಪಿನ ಅಡಿಯಲ್ಲಿ ಸೂಜಿಮೊನೆಯಷ್ಟು ಅಕ್ಷರದಲ್ಲಿರುತ್ತದೆ. ಅವ್ವ ಅದನ್ನು ಬೋರಲು ಹಾಕಿ, ಕನ್ನಡಕ ಏರಿಸಿ ಓದುತ್ತ ಹೋದಳು. ಅಪ್ಪ ಫೋನಿಗೆ ಬಿಡಿಸಿ ಹೇಳುತ್ತ ಹೋದರು.

"ಬರ್ಕೋರಿ. ಎಚ್, ಹೊಸಪೇಟಿ ಎಚ್. ಕೆ ಅಂದ್ರ ಕಂಪ್ಲಿ. ಎಸ್, ಸಂಡೂರು. ಅದರ ಮುಂದ ಜಿ, ಗಂಗಾವತಿ... ಅಲ್ಲಮ್ಮಾ, ಗಂಗಾವತಿ ಗೊತ್ತಿಲ್ಲೇನು? ಅಕ್ಕಿ ಬರ್ತೈತಲ್ಲ! ವಿ ಅಂದ್ರ ವಿರೂಪಾಕ್ಷ. ಕ್ಯೂ... ಕ್ಯೂ ಅಂದ್ರ ರೇಷನ್ ಅಂಗಡಿ ಕ್ಯೂ. ಝಡ್..."

ಇಲ್ಲಿ ಅಪ್ಪ ನಿಂತರು. ನೀರಾವರಿ ಇಲಾಖೆಯಲ್ಲಿ ಅಪ್ಪ ತಿರುಗದ ಊರಿಲ್ಲ, ಆದರೆ ಝಡ್‌ನಿಂದ ಶುರುವಾಗುವ ಒಂದೂ ಹಳ್ಳಿ ಸಿಗಲಿಲ್ಲ. ಯೋಚಿಸುವಷ್ಟರಲ್ಲಿ ಕರೆ ಕಟ್ ಆಯಿತು. ಮತ್ತೆ ಮಾಡಿದಾಗ ಬೇರೆ ಹುಡುಗಿ, ಮತ್ತೆ ಹೊಸಪೇಟಿ ಎಚ್.

ಚಿಕಿತ್ಸೆ ಶುರುವಾಯಿತು. ಆಫ್ ಮಾಡಿ ಆನ್ ಮಾಡಿ. ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಅಪ್‌ಡೇಟ್ ಮಾಡಿ. ಯಾವುದೋ ನಾಲ್ಕು ಕೀ ಒಟ್ಟಿಗೆ ಒತ್ತಿ. ಅವ್ವ ಐದು ಒತ್ತಿದಳೋ ಏನೋ, ಇಡೀ ಚಿತ್ರ ತಲೆಕೆಳಗಾಯಿತು. ವಿರೂಪಾಕ್ಷನ ಗುಡಿಯ ಒಂದು ಕತ್ತಲ ಕೋಣೆಯಲ್ಲಿ ಗೋಡೆಯ ಕಿಂಡಿಯಿಂದ ಬಿದ್ದ ಬೆಳಕಿಗೆ ರಾಜಗೋಪುರದ ನೆರಳು ತಲೆಕೆಳಗಾಗಿ ಮೂಡುವುದನ್ನು ಹಂಪಿಗೆ ಹೋದವರೆಲ್ಲ ನೋಡಿರುತ್ತಾರೆ. ಅಪ್ಪ ಗಾಬರಿಯಾಗಲಿಲ್ಲ. "ನಮ್ಮ ಗೋಪುರದಂಗ ಬಿದ್ದೈತಿ ನೋಡಮ್ಮಾ" ಎಂದು ಆ ಹುಡುಗಿಗೆ ವಿವರಿಸಲು ಹೊರಟರು. ಅವಳು ಕೇಳಿದ್ದು ಒಂದೇ ಪ್ರಶ್ನೆ: ಯಂತ್ರದ ಮೇಲೆ ಯಾವುದಾದರೂ ದ್ರವ ಪದಾರ್ಥ ಬಿದ್ದಿತ್ತೇ? ಸುಳ್ಳು ಗೊತ್ತಿಲ್ಲದ ಅಪ್ಪ, "ಬಿದ್ದಿಲ್ಲ, ಪೂಜೆಗೆ ಮುಂದ ಕಾಯಿ ಒಡದೀವಿ ಅಷ್ಟ" ಎಂದರು. ನಾನು ನ್ಯೂಜೆರ್ಸಿಯಿಂದ ಬೇಡ ಬೇಡ ಎಂದು ಕೈ ಬೀಸುವಷ್ಟರಲ್ಲಿ ಅವಳು ಟಿಕೆಟ್ಟಿನಲ್ಲಿ "ದ್ರವ ಸಂಪರ್ಕ" ಎಂದು ಬರೆದುಕೊಂಡಾಗಿತ್ತು.

ಇನ್ನು ವಿಳಾಸದ ಕಥೆ. 2014ರಲ್ಲಿ ಹಾಸ್ಪೆಟ್ ಹೋಗಿ ಹೊಸಪೇಟೆಯಾಯಿತು. 2021ರಲ್ಲಿ ಹೊಸಪೇಟೆ, ಹಂಪಿ ಸೇರಿ ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆಯಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಇದೆಲ್ಲ ಕಂಪನಿಯ ಯಂತ್ರಕ್ಕೆ ತಿಳಿಯದು. ಜಿಲ್ಲೆ ವಿಜಯನಗರ ಎಂದು ಅಪ್ಪ ಹೆಮ್ಮೆಯಿಂದ ಹೇಳಿದ್ದರ ಫಲವಾಗಿ ಮರುದಿನ ಒಬ್ಬ ಇಂಜಿನಿಯರ್ ಫೋನ್ ಮಾಡಿ, "ಸಾರ್, ಅರ್ಧ ಗಂಟೇಲಿ ಬರ್ತೀನಿ, ಮಾರುತಿ ಮಂದಿರದಿಂದ ಎಡಕ್ಕಾ ಬಲಕ್ಕಾ?" ಎಂದ. ಅವನು ನಿಂತಿದ್ದು ಬೆಂಗಳೂರಿನ ವಿಜಯನಗರದಲ್ಲಿ, ಮುನ್ನೂರು ಕಿಲೋಮೀಟರಿಗೂ ಆಚೆ. "1336ರಾಗ ಕಟ್ಟಿದ್ದು ನಮ್ಮ ವಿಜಯನಗರಪಾ, ನಿಂದು ಮೊನ್ನೆ ಮೊನ್ನೆ ಬಡಾವಣಿ" ಎಂದು ಅಪ್ಪ ಅವನಿಗೆ ತಿಳಿಹೇಳಿದರು. ಅವನು ಸಂದರ್ಶನ ಮುಗಿಯಿತೆಂದು ಬರೆದು ಟಿಕೆಟ್ ಮುಚ್ಚಿದ.

ಅಪ್ಪನಿಗೆ ನಿಜವಾಗಿ ಸಿಟ್ಟು ಬಂದದ್ದು ಅಲ್ಲಿ. ಯಾಕೆಂದರೆ ಅವರ ಕಣ್ಣ ಮುಂದೆ ಒಂದು ಲೆಕ್ಕವಿತ್ತು. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ಮೂವತ್ತಮೂರು ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನು ಕಿತ್ತು, ಗೇಟೇ ಕೊಚ್ಚಿಕೊಂಡು ಹೋಗಿತ್ತು. ತುಂಬಿದ ಜಲಾಶಯ, ಎಪ್ಪತ್ತು ವರ್ಷದ ಕಟ್ಟೆ, ಕೆಳಗೆ ಕಂಪ್ಲಿಯ ಜನ ಹೊಳೆ ಕಡೆ ಮುಖ ಮಾಡಿ ಕೂತಿದ್ದರು. ಗೇಟುಗಳ ವಿಷಯದಲ್ಲಿ ಪಳಗಿದ ಕನ್ನಯ್ಯ ನಾಯ್ಡು ಬಂದರು. ರಭಸದಿಂದ ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಸ್ಟಾಪ್‌ಲಾಗ್ ಇಳಿಸಿದರು. ವಾರ ಕಳೆಯುವಷ್ಟರಲ್ಲಿ ನೀರು ನಿಂತಿತು. ಇಡೀ ವಾರ ಅಪ್ಪ ನಿದ್ದೆ ಬಿಟ್ಟು ಟಿವಿ ಮುಂದೆ ಕೂತಿದ್ದರು. "ಅಲ್ಲಲೇ ತಮ್ಮಾ, ಅಂಥಾ ಗೇಟು ವಾರದಾಗ ಕುಂದ್ರಿಸಿದ್ರು. ಅಲ್ಲಿ ಯಾರರ ಡ್ಯಾಮ್ ಆಫ್ ಮಾಡಿ ಆನ್ ಮಾಡ್ರಿ ಅಂದ್ರೇನು? ಕಾಯಿ ಒಡದೀರೇನು ಅಂತ ಕೇಳಿದ್ರೇನು?"

ಈ ನಡುವೆ ಅಂಗಡಿಯವರು, ಅಂದರೆ ಆನ್‌ಲೈನಿನವರು, ಬದಲಾಯಿಸಿಕೊಡುವ ಅವಧಿ ಮುಗಿಯಿತೆಂದರು. ಆ ಅವಧಿ ಕಳೆದದ್ದೇ ಪವರ್ ಬಟನ್ ಒತ್ತಿ ಹಿಡಿಯುವುದರಲ್ಲಿ. ಬೇಕಿದ್ದರೆ ಕಂಪನಿಯಿಂದ ಡಿ.ಓ.ಎ. ಸರ್ಟಿಫಿಕೇಟ್ ತನ್ನಿ ಎಂದರು. ಪೆಟ್ಟಿಗೆ ಒಡೆದಾಗಲೇ ಮಷಿನ್ನು ಸತ್ತಿತ್ತು ಎಂಬುದಕ್ಕೆ ಕಂಪನಿ ಕೊಡುವ ದೃಢೀಕರಣ ಅದು. ಕಂಪನಿಯವರು, ಇಪ್ಪತ್ತು ನಿಮಿಷ ನಡೆಯುತ್ತದಲ್ಲ, ಸತ್ತಿದೆ ಎನ್ನಲು ಬರುವುದಿಲ್ಲ ಎಂದರು. ಅಷ್ಟರಲ್ಲಿ ನವೆಂಬರ್ ಬಂತು, ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ಜೀವನ ಪ್ರಮಾಣಪತ್ರ ಕೊಡುವ ತಿಂಗಳು. ಅಪ್ಪ ಹೋಗಿ ಯಂತ್ರದ ಮೇಲೆ ಬೆರಳೊತ್ತಿ ಬಂದವರೇ ಫೋನ್ ಮಾಡಿದರು: "ನಾ ಬದುಕೀನಿ ಅನ್ನಾಕ ಒಂದು ಬೆರಳು ಸಾಕಾತು. ಇದು ಸತ್ತೈತಿ ಅನ್ನಾಕ ಎಷ್ಟ್ ಮಂದಿ ಸಹಿ ಬೇಕೋ?"

ಕೊನೆಗೂ ನಮ್ಮ ಸೀಮೆಯ ಇಂಜಿನಿಯರ್ ಸಿಕ್ಕ. ಕಂಪ್ಲಿ ಹುಡುಗ. ಹೊಸಪೇಟೆ, ಸಂಡೂರು, ಕಂಪ್ಲಿ, ಹೊಳೆಯಾಚೆ ಗಂಗಾವತಿ ಎಲ್ಲಕ್ಕೂ ಅವನೊಬ್ಬನೇ, ಅವನ ಬೈಕೊಂದೇ. ಮುಚ್ಚಳ ಮುಟ್ಟುತ್ತಿದ್ದಂತೆಯೇ, "ಕೇಬಲ್ ರೀ" ಎಂದ. ತಿಂಗಳಿಂದ ಯಾರ ಬಾಯಲ್ಲೂ ಬಾರದ ಮಾತು ಕೇಳಿ ಅಪ್ಪನಿಗೆ ಕಣ್ಣೀರು ಬರುವುದೊಂದು ಬಾಕಿ. ಆದರೆ ಕೇಬಲ್ ಅವನ ಹತ್ತಿರವಿರಲಿಲ್ಲ. ಅದು ಬರಬೇಕು. ಬರುವ ತನಕ ಅವನೂ ಬರುತ್ತಿರಬೇಕು, ಯಾಕೆಂದರೆ ಟಿಕೆಟ್ ಅವನ ಹೆಸರಿನಲ್ಲಿದೆ. ಬಂದವನನ್ನು ಅವ್ವ ಹಾಗೇ ಕಳಿಸುವುದುಂಟೇ? ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇಟ್ಟಳು. ಒಂದು ರಾತ್ರಿ ವಾಟ್ಸಾಪಿನಲ್ಲಿ ಅವನು ನಮ್ಮ ಪಡಸಾಲೆಯಲ್ಲಿ ರೊಟ್ಟಿ ಮುರಿಯುವುದನ್ನು ನಾನು ನೋಡುತ್ತಿದ್ದಾಗಲೇ ನನ್ನ ಇಮೇಲಿಗೆ ಕಂಪನಿಯ ಸಂದೇಶ ಬಂತು: ನಮ್ಮ ಇಂಜಿನಿಯರ್ ಭೇಟಿ ನೀಡಿದ್ದರು, ಗ್ರಾಹಕರು ಮನೆಯಲ್ಲಿ ಇರಲಿಲ್ಲ.

ಓದಿ ಹೇಳಿದೆ. ಹುಡುಗ ತುತ್ತು ನುಂಗಿ, "ತಪ್ಪು ತಿಳ್ಕೋಬ್ಯಾಡ್ರಿ ಅಣ್ಣಾ. ಪಾರ್ಟ್ ಬಂದಿಲ್ಲ ಅಂತ ಒತ್ತಿದ್ರ ಮ್ಯಾನೇಜರ್ ನನಗ ಬೈತಾನ. ಮಳೆಗಾಲದಾಗ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿಗೆ ಹೋಗಾಕ ಆಗದಿದ್ರೂ ಇದನ್ನೇ ಒತ್ತೋದು. ಹೊಳಿ ಬಂದೈತಿ ಅನ್ನಾಕ ಆ್ಯಪ್‌ನಾಗ ಬಟನ್ನೇ ಇಲ್ಲ" ಎಂದ. ಸಂಡೂರಿನಲ್ಲಿ ಕಂಪ್ಯೂಟರ್ ಬಿಚ್ಚಿದರೆ ಫ್ಯಾನಿನ ತುಂಬ ಅದಿರಿನ ಕೆಂಪು ದೂಳು ಇರುತ್ತದಂತೆ. ಅದನ್ನು ಬರೆದರೆ "ದೂಳಿನ ಪರಿಸರ" ಎಂದು ವಾರಂಟಿ ಕೊಡುವುದಿಲ್ಲವಂತೆ. ಅದಕ್ಕೇ ಬರೆಯುವುದಿಲ್ಲವಂತೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನ್ನಿಂದಾಗಲಿಲ್ಲ.

ಸಮಸ್ಯೆ ಹುಡುಕುವ ಕಲೆಯನ್ನು ಕಂಪನಿಗಳು ಅವ್ವನಿಂದ ಕಲಿಯಬೇಕು. ಎರಡನೆಯ ರೊಟ್ಟಿ ಮುಗಿಯುವಷ್ಟರಲ್ಲಿ ಅವಳು ಅವನ ಮನೆದೇವರು ಯಾವುದು, ಗದ್ದೆ ಎಷ್ಟು, ಅಕ್ಕನ ಮದುವೆ ಎಲ್ಲಿಗಾಗಿದೆ, ಸಾಲ ಎಷ್ಟಿದೆ ಎಲ್ಲ ತಿಳಿದುಕೊಂಡಳು, ಟಿಕೆಟ್ ನಂಬರೂ ಇಲ್ಲದೆ. ಆಮೇಲೆ ನನಗೆ ಫೋನ್ ಬಂದರೆ ಲ್ಯಾಪ್‌ಟಾಪಿನ ಸುದ್ದಿಯೇ ಇಲ್ಲ. "ಸಂಡೂರಾಗ ನಮ್ಮ ಸೋದರತ್ತಿ ಮೊಮ್ಮಗಳು ಅದಾಳಲ್ಲ..."

ದಾರಿ ತೆಗೆದದ್ದು ಅಪ್ಪನ ಪೆನ್ನು. ನಾನು ಚಾಟ್‌ಬಾಟಿನ ಜೊತೆ ಇಂಗ್ಲಿಷಿನಲ್ಲಿ ಗುದ್ದಾಡಿ ಸೋತ ಮೇಲೆ, ಅವರು ಪೂರ್ತಿ ಇಲಾಖೆಯ ಧಾಟಿಯಲ್ಲಿ ಕಂಪನಿಗೂ ಆನ್‌ಲೈನಿನವರಿಗೂ ಒಂದೊಂದು ಪತ್ರ ಬರೆದರು. ಮಾನ್ಯರೇ. ವಿಷಯ: ದೋಷಪೂರಿತ ಗಣಕಯಂತ್ರವನ್ನು ಬದಲಾಯಿಸಿಕೊಡುವ ಕುರಿತು. ಉಲ್ಲೇಖ ಒಂದು, ಎರಡು, ಮೂರು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತಮ್ಮ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿರುವುದಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ. ಸಹಿ, ದಿನಾಂಕ, ಲಗತ್ತುಗಳು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಕೊಟ್ಟು, ಮಧ್ಯಾಹ್ನ ಮಲಗಿ ಎದ್ದರು. ಹುಡುಗನ ಊಟದ ಪ್ರಸ್ತಾಪ ಪತ್ರದಲ್ಲಿ ಬರಕೂಡದೆಂದು ಅವ್ವ ಆಣೆ ಹಾಕಿಸಿದ್ದಳು.

ಆಮೇಲೆ ಫೋನು ಬಂದದ್ದು ಕಂಪನಿಯಿಂದ. ಮೊದಲ ಬಾರಿಗೆ ಯಾರೋ ಅಪ್ಪನನ್ನು ಸೀರಿಯಲ್ ನಂಬರ್ ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಹೊಸ ಲ್ಯಾಪ್‌ಟಾಪ್ ಬಂತು. ಅಪ್ಪ ಪೆಟ್ಟಿಗೆ ಒಡೆಯಲು ಬಿಡಲಿಲ್ಲ. ಒಡೆಯುವಾಗ ವಿಡಿಯೋ ಇರಬೇಕು, ಕಂಪನಿಯ ಮನುಷ್ಯ ಎದುರಿಗಿರಬೇಕು, ಈ ಸಲ ಕಾಯಿ ಒಡೆಯಕೂಡದು ಎಂದರು. ಕಂಪನಿಯ ಮನುಷ್ಯ ಎಂದರೆ ಕಂಪ್ಲಿ ಹುಡುಗ. ಅವನು ಹೇಗೂ ಬರುತ್ತಾನಲ್ಲ ಎಂದು ಅವ್ವ ಅದೇ ಗುರುವಾರ ಸಂಡೂರಿನವರನ್ನೂ ಕರೆದಳು.

ಹುಡುಗಿಯ ಅಪ್ಪ ಅದಿರು ಲಾರಿಯ ವ್ಯವಹಾರದವರು, ಮಾತು ಕಡಿಮೆ. ಬಿಳಿ ಅಂಗಿ ತೊಟ್ಟು ಮನೆ ಬಿಟ್ಟವರು ನಮ್ಮ ಬಾಗಿಲಲ್ಲಿ ಇಳಿಯುವಾಗ ತಿಳಿಗಾವಿಯಾಗಿದ್ದರು. ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಏನು ಕೆಲಸ ಎಂದು ಕೇಳಿದರು. ಅವ್ವ, "ಕಂಪ್ಯೂಟರ್ ಇಂಜಿನಿಯರ್ ರೀ. ನಮ್ಮನೀದು ಇವ್ನೇ ರಿಪೇರಿ ಮಾಡಿದ್ದು" ಎಂದಳು. ವಾಟ್ಸಾಪಿನಲ್ಲಿದ್ದ ನಾನು ಉಸಿರು ಬಿಗಿಹಿಡಿದೆ. ಅಪ್ಪ ಸೂರು ನೋಡತೊಡಗಿದರು. ಸಂಡೂರಿನವರು ಎದ್ದು ಹೋಗಿ ಲ್ಯಾಪ್‌ಟಾಪಿನ ಮುಚ್ಚಳ ತೆರೆದರು, ಮುಚ್ಚಿದರು, ಇನ್ನೂ ಕಿತ್ತಿರದ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆರಳಾಡಿಸಿದರು.

"ಹೊಸದರಂಗ ಮಾಡ್ಯಾನಲ್ರೀ!"