ಪಾಲಿಸಿ ಮಾಡ್ಸಾಕ ಬಂದಿಲ್ಲರಿ

ರಾಮಥಾಳದಲ್ಲಿ ವಿಮೆ ಏಜೆಂಟನನ್ನು ಹುಡುಕುವ ತೊಂದರೆ ಯಾರಿಗೂ ಇಲ್ಲ. ಅವನೇ ಹುಡುಕಿಕೊಂಡು ಬರುತ್ತಾನೆ. ಹುನಗುಂದದಲ್ಲಿ ತಪ್ಪಿಸಿಕೊಂಡರೆ ಇಳಕಲ್ಲಿನ ಮದುವೆ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿರುತ್ತಾನೆ. ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಕಿಸೆಯಲ್ಲಿ ಎರಡು ಪೆನ್ನು. ಒಂದು ನಿಮ್ಮ ಸಹಿಗೆ. ಮೊದಲ ಮಾತು ಯಾವತ್ತೂ ಒಂದೇ: "ಕಾಕಾ, ನಾ ಏನ್ ಪಾಲಿಸಿ ಮಾಡ್ಸಾಕ ಬಂದಿಲ್ಲರಿ. ಸುಮ್ನ ಮಾತಾಡ್ಸಾಕ ಬಂದೆ." ಚಹಾ ಮುಗಿಯುವ ಹೊತ್ತಿಗೆ ಕಾಕಾನ ಜನ್ಮತಾರೀಖು ಅವನ ಡೈರಿಯಲ್ಲಿರುತ್ತದೆ.

ಊರಿನ ಯಾವ ಸುದ್ದಿಯೂ ಅವನಿಗೆ ದಂಡವಲ್ಲ. ತೊಟ್ಟಿಲು ಕಟ್ಟಿದರೆ ಮಕ್ಕಳ ಪಾಲಿಸಿ, ಕಡಲೆ ರಾಶಿಯಾದರೆ ಬಾಕಿ ಕಂತು. ಮಣ್ಣಿಗೆ ಹೋದಲ್ಲೂ, "ಪಾಪ, ಒಂದ್ ಪಾಲಿಸಿ ಇದ್ದಿದ್ರ..." ಎಂದು ಹೆಗಲು ಕೊಟ್ಟವರ ಮುಖಗಳನ್ನು ಒಮ್ಮೆ ನೋಡಿಕೊಳ್ಳುತ್ತಾನೆ. ಊರಿನ ಹೆಸರಿನದೇ 24 ಸಾವಿರ ಹೆಕ್ಟೇರಿನ ಹನಿ ನೀರಾವರಿ ಯೋಜನೆ ಬಂದ ಮೇಲಂತೂ ಹೊಸ ಭಾಷಣ ಸಿಕ್ಕಿತು: "ಹೊಲಕ್ಕ ನೀರ ಹನಿ ಹನಿ ಬೀಳತೈತಿ, ಬೆಳಿ ನಿಂತೈತಿ. ಕಂತೂ ಹಂಗರಿ." ಹನಿ ನಿಂತರೆ ಬೆಳೆಯ ಗತಿಯೇನು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಪಾಲಿಸಿ ಲ್ಯಾಪ್ಸ್ ಆಗುವುದೆಂದರೇನೆಂದು ಅಂದೇ ತಿಳಿಯುತ್ತಿತ್ತು.

ಅರ್ಜಿ ತುಂಬುವಾಗ ಅವನನ್ನು ನೋಡಬೇಕು. ಎತ್ತರಕ್ಕೆ ಬಾಗಿಲ ಚೌಕಟ್ಟು, ತೂಕಕ್ಕೆ ಕಣ್ಣಳತೆ. "ತಂಬಾಕ?" ಎಂದು ಕೇಳುತ್ತಾನೆ. ಕಾಕಾ ಗೋಡೆ ಬುಡಕ್ಕೆ ಉಗುಳಿ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ "ಇಲ್ಲ" ಎಂದು ಬರೆದು ಮುಂದಿನ ಸಾಲಿಗೆ ಹೋಗಿರುತ್ತಾನೆ. ಪೆನ್ನು ನಿಲ್ಲುವುದು ನಾಮಿನಿಯ ಕಾಲಮ್ಮಿನಲ್ಲಿ ಮಾತ್ರ. ಕಾಕಾ ಅವ್ವನ ಕಡೆ ನೋಡುತ್ತಾರೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ. "ಅವ್ವಗ ವಯಸ್ಸಾಗೇತಿ, ಕಾಕೀ ಹೆಸರ ಬರೀಲೇನ್ರಿ?" ಎಂದು ಅವನೇ ಬಗೆಹರಿಸಿದ ಮೇಲೆ ರೊಟ್ಟಿ ಮತ್ತೆ ಶುರು, ಅವನಿಗೆ ಎರಡನೇ ಕಪ್ಪು ಚಹಾ.

ಇಷ್ಟಾಗಿಯೂ ಕಾಕಾ ಹಿಂದೆಮುಂದೆ ನೋಡಿದರೆ ದನಿ ತಗ್ಗಿಸುತ್ತಾನೆ: "ಮೊದಲನೇ ಕಂತ ನಾನ ತುಂಬತೀನಿ ಬಿಡ್ರಿ." ಇದು ಔದಾರ್ಯವಲ್ಲ, ಮೊದಲ ವರ್ಷದ ಕಮಿಷನ್ನಿನ ಲೆಕ್ಕ. ಇಂಥ ರಿಯಾಯಿತಿ ಕೊಡುವುದೂ ತಗೊಳ್ಳುವುದೂ 1938ರ ವಿಮಾ ಕಾಯ್ದೆಯ 41ನೇ ಕಲಮಿನಡಿ ತಪ್ಪು. ದಂಡ 10 ಲಕ್ಷ ರೂಪಾಯಿವರೆಗೆ ಹೋಗಬಹುದು. ಆ ಕಲಮು ಅರ್ಜಿಯಲ್ಲೇ ಅಚ್ಚಾಗಿರುತ್ತದೆ. ಅದರ ಮೇಲೆ ಚಹಾದ ಬಸಿ ಇಟ್ಟಿರುತ್ತಾನೆ.

ಕಾನೂನಿನ ಲೆಕ್ಕದಲ್ಲಿ ಬ್ರೋಕರ್ ಗಿರಾಕಿಯ ಪರ, ಏಜೆಂಟ್ ಕಂಪನಿಯ ಪರ. ನಮ್ಮಲ್ಲಿ ಈ ಭೇದ ನಡೆಯದು. ಅವನು "ನಮ್ಮ ಹುಡುಗ". ಹಾಗನ್ನುವುದು ಪೂರ್ತಿ ಸುಳ್ಳೂ ಅಲ್ಲ. ಮನೆಯ ಯಜಮಾನ ಹೋದ ಮೇಲೆ ಮರಣ ಪ್ರಮಾಣಪತ್ರ, ಬಾಂಡು, ಪಾಸ್‌ಬುಕ್ಕು ಎಲ್ಲ ಕೂಡಿಸಿ, ಕಾಕಿಯನ್ನು ಶಾಖೆಗೆ ಕರೆದೊಯ್ದು, ದುಡ್ಡು ಖಾತೆಗೆ ಬೀಳುವತನಕ ಅಡ್ಡಾಡುವವನು ಅವನೇ. ಆ ಅಡ್ಡಾಟಕ್ಕೆ ಕಮಿಷನ್ ಇಲ್ಲ.

ಆದ್ದರಿಂದ ಅವನನ್ನು ಬಿಡಬೇಡಿ, ತಂಬಾಕಿನ ಕಾಲಮ್ಮನ್ನು ಮಾತ್ರ ನೀವೇ ತುಂಬಿ. ಮೊದಲ 3 ವರ್ಷ ಕಂಪನಿ ಆ "ಇಲ್ಲ"ವನ್ನು ಕೆದಕಬಹುದು. ಬಾಂಡು ಬಂದ ಕೂಡಲೇ ದೇವರ ಜಗಲಿಯ ಮೇಲಿಡದೆ ಓದಿಸಿಕೊಳ್ಳಿ. ಒಲ್ಲೆ ಅನಿಸಿದರೆ ವಾಪಸು ಮಾಡಲು 30 ದಿನ ಇರುತ್ತದೆ.