ವೈರಿನ ರುಚಿ

ಮನೆಯ ವೈರುಗಳಿಗೂ ಒಂದು ರುಚಿಯಿದೆ ಎಂಬುದು ಅರವತ್ತೈದು ವರ್ಷ ನನಗೆ ಗೊತ್ತಿರಲಿಲ್ಲ. ಹತ್ತು ತಿಂಗಳ ಮೊಮ್ಮಗ ಕಾರವಾರದಿಂದ ಅಂಕೋಲೆಗೆ ಬಂದ ದಿನ ಸಂಜೆಯೇ ಗೊತ್ತಾಯಿತು. ಅವನಜ್ಜಿ ರಾಗಿ ಮಣ್ಣಿಯ ಬಟ್ಟಲು ಹಿಡಿದು ಕಾಗೆ, ಬೆಕ್ಕು, ಪಕ್ಕದ ಮನೆಯ ನಾಯಿ ಎಲ್ಲವನ್ನೂ ಸಾಕ್ಷಿಗೆ ಕರೆದರೂ ಬಾಯಿ ಬಿಡದವನು, ಟೇಬಲ್ ಫ್ಯಾನಿನ ವೈರು ಕಂಡದ್ದೇ ತಾನಾಗಿ ಬಾಯಿ ತೆರೆದ. ಕಪ್ಪು ವೈರಿಗಿಂತ ಬಿಳಿಯದು ಇಷ್ಟ. ದಪ್ಪದ್ದಕ್ಕಿಂತ ಸಣ್ಣದು ಇಷ್ಟ. ಒಟ್ಟಿನಲ್ಲಿ ಶಾವಿಗೆಯ ಹಾಗೆ ಕಾಣಬೇಕು.

ಅಂಬೆಗಾಲಿನ ಮಕ್ಕಳ ವೇಗ ನನಗೆ ಮರೆತೇಹೋಗಿತ್ತು. ಟಿ.ವಿ.ಯ ಹಿಂದಿನಿಂದ ಎತ್ತಿ ತಂದು ಚಾಪೆಯ ಮೇಲೆ ಕೂರಿಸಿ ನಾನು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಫ್ರಿಜ್ಜಿನ ಹಿಂದೆ ಇರುತ್ತಿದ್ದ. ಎರಡು ದಿನಕ್ಕೆ ನನ್ನ ಸೊಂಟ ಹಿಡಿಯಿತು. ಮೂರನೆಯ ದಿನ, ಹಾರವಾಡದ ಕಡೆಯ ನಮ್ಮ ಪರಿಚಯದ ಮೀನುಗಾರನೊಬ್ಬ ಜಗಲಿಯಲ್ಲಿ ಕೂತು ಈ ಓಟ ನೋಡಿ, "ಇದಕ್ಕೆಲ್ಲ ತಲೆ ಕೆಡಿಸ್ಕಬೇಡಿ ಮಾಸ್ತರ್ರೇ" ಎಂದ. ಸೈಕಲ್ಲೇರಿ ಹೋಗಿ ಬಲೆ ಹೊಲಿಯುವ ನೈಲಾನ್ ದಾರದ ಉಂಡೆ ತಂದ. ಅರ್ಧ ಗಂಟೆಯಲ್ಲಿ ಮನೆಯ ವೈರುಗಳೆಲ್ಲ ನೆಲ ಬಿಟ್ಟು ಕಿಟಕಿ ಸರಳಿಗೆ ಏರಿದವು. "ಈ ಗಂಟು ಬಿಚ್ಚ್ಕಂಡು ಹೋದ ಇಶ್ವಾಣ ಮೀನು ಇನ್ನೂ ಹುಟ್ಟಿಲ್ಲ" ಎಂದು ಚಾ ಕುಡಿದು ಹೋದ. ಮಾತು ಸುಳ್ಳಲ್ಲ. ಆ ರಾತ್ರಿ ಫ್ಯಾನು ತಿರುಗಿಸಲು ನನ್ನಿಂದಲೂ ಆಗಲಿಲ್ಲ; ಅದು ಗೋಡೆಗೆ ಗಾಳಿ ಹಾಕುತ್ತಲೇ ಬೆಳಗು ಮಾಡಿತು.

ಶನಿವಾರ ಮಗಳು ಬಂದಳು. ನಮ್ಮ ಕಿಟಕಿಯ ಶೃಂಗಾರ ನೋಡಿ ನಗುತ್ತಾಳೆಂದು ಕಾದೆ. ನಗಲಿಲ್ಲ. ಜೋಲುತ್ತಿದ್ದ ವೈರಿನ ಸುತ್ತಿನೊಳಗೆ ಕೈ ತೂರಿಸಿ, "ಅಪ್ಪಾ, ಇದಕ್ಕೆ ಏನಂತಾರೆ? ಕುಣಿಕೆ" ಎಂದಳು. ಎದ್ದು ನಿಲ್ಲಲು ಕಲಿಯುವ ಮಗುವಿನ ಕುತ್ತಿಗೆಯ ಎತ್ತರಕ್ಕೆ ಸರಿಯಾಗಿ ಇತ್ತು ಅದು. ಕತ್ತರಿ ಹುಡುಕಿದೆವು.

ಅವಳು ನಗದಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. 2023ರ ಆಗಸ್ಟ್ ತಿಂಗಳಲ್ಲಿ ಕಾರವಾರ ತಾಲೂಕಿನ ಸಿದ್ದರ ಗ್ರಾಮದಲ್ಲಿ ಎಂಟು ತಿಂಗಳ ಹೆಣ್ಣುಮಗುವೊಂದು ಚಾರ್ಜರಿನ ತುದಿಯನ್ನು ಬಾಯಿಗಿಟ್ಟುಕೊಂಡು ತೀರಿಹೋಯಿತು. ಮೊಬೈಲು ತೆಗೆದಿದ್ದರು, ಸ್ವಿಚ್ಚು ಹಾಕಿಯೇ ಇತ್ತು. ಅಷ್ಟೇ ನಡೆದದ್ದು. ನಾವೆಲ್ಲ ದಿನಕ್ಕೆ ಎರಡು ಸಲ ಮಾಡುವುದೂ ಅಷ್ಟನ್ನೇ.

ಚಾರ್ಜರಿನ ತುದಿಯಲ್ಲಿ ಬರುವುದು ಐದು ವೋಲ್ಟು, ಅದರಿಂದ ಇರುವೆಯೂ ಸಾಯದು ಎಂದು ನಾನೂ ವಾದಿಸುತ್ತಿದ್ದವನೇ. ಸಾಧಾರಣವಾಗಿ ಅದು ನಿಜ. ಆದರೆ ಗೋಡೆಯ 230 ವೋಲ್ಟನ್ನೂ ಈ ಐದನ್ನೂ ಬೇರೆಯಾಗಿಡುವ ಕೆಲಸವೆಲ್ಲ ಆ ಬೆಂಕಿಪೆಟ್ಟಿಗೆಯಷ್ಟು ಡಬ್ಬಿಯೊಳಗೇ ನಡೆಯಬೇಕು. ರಸ್ತೆಬದಿಯ ಅಗ್ಗದ ಮಾಲಿನಲ್ಲಿ ಒಳಗಿನ ಆ ತಡೆ ಎಷ್ಟು ಗಟ್ಟಿ ಎಂದು ಹೊರಗಿನಿಂದ ಕಾಣುವುದಿಲ್ಲ. ತಡೆ ಒಡೆದರೆ ಗೋಡೆಯ ಕರೆಂಟು ನೇರ ತುದಿಗೆ ಬಂತು. ಒಣಗಿದ ಬೆರಳಿಗೆ ಚುರುಕ್ಕೆನ್ನುವ ಅದೇ ಕರೆಂಟಿಗೆ ಜೊಲ್ಲು ತುಂಬಿದ ಬಾಯಿ ರಾಜಮಾರ್ಗ. ಇನ್ನು ವೈರಿನ ಸಿಪ್ಪೆಯನ್ನೇ ಕಚ್ಚಿ ಬಿಚ್ಚುವ ನಮ್ಮವನ ನಾಲ್ಕು ಹಲ್ಲಿಗೆ ಫ್ಯಾನು, ಫ್ರಿಜ್ಜು ಎಲ್ಲ ಒಂದೇ.

"ನೀವು ನಿಂತು ನೋಡಿದರೆ ಏನೂ ಕಾಣೋದಿಲ್ಲ. ಅವನ ಹಾಗೆ ನೋಡಿ" ಎಂದಳು ಮಗಳು. ಹೀಗಾಗಿ ಭಾನುವಾರ ಬೆಳಗ್ಗೆ ನಾನು, ಮೂವತ್ಮೂರು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು, ಲುಂಗಿ ಮೇಲೆ ಕಟ್ಟಿ ಸ್ವಂತ ಮನೆಯಲ್ಲಿ ನಾಲ್ಕು ಕಾಲಿನಲ್ಲಿ ಹೊರಟೆ. ಮೊಮ್ಮಗನಿಗೆ ಜೊತೆ ಸಿಕ್ಕಿತೆಂದು ಹಿಗ್ಗು. ದಾರಿ ತೋರಿಸುತ್ತ ಮುಂದೆ ನಡೆದ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ನಮ್ಮ ಮನೆಯೇ ಬೇರೆ. ಸೋಫಾದ ಹಿಂದೆ ಎರಡು ಸಾಕೆಟ್ಟು ಕಣ್ಣು ಬಿಟ್ಟು ಕೂತಿವೆ. ಮಿಕ್ಸಿಯ ವೈರು ಕಟ್ಟೆಯಿಂದ ಬಾಲದ ಹಾಗೆ ಇಳಿದಿದೆ: ಎಳೆದರೆ ಮಿಕ್ಸಿ ತಲೆಗೆ. ಸೊಳ್ಳೆ ಮಶೀನು ಕೆಂಪು ದೀಪ ಹಚ್ಚಿ ಬಾ ಎನ್ನುತ್ತದೆ. ಮಂಚದ ಕೆಳಗೆ ನಾನು ಕಳೆದ ದೀಪಾವಳಿಗೆ ಕಳೆದುಕೊಂಡ ಕನ್ನಡಕವಿತ್ತು, ಬೆಕ್ಕು ಮುಚ್ಚಿಟ್ಟ ಒಣಬಂಗಡೆಯ ತಲೆಯಿತ್ತು, ಅವೆರಡರ ನಡುವೆ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಹೊರಟ ನನ್ನದೇ ಚಾರ್ಜರು. ಸ್ವಿಚ್ಚು ಹಾಕಿತ್ತು.

ನಾನೇನೂ ಉಡಾಫೆಯ ಮನುಷ್ಯನಲ್ಲ. ಸ್ವಿಚ್ಚು ಹಾಕಿಯೇ ಬಿಡುವುದಕ್ಕೊಂದು ಹಿನ್ನೆಲೆಯಿದೆ. ಪಕ್ಕದ ಕಾರವಾರ ತಾಲೂಕಿನಲ್ಲಿ ಕದ್ರಾ ಅಣೆಕಟ್ಟು, ಅದರ ಹಿನ್ನೀರಿನ ದಡದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ 220 ಮೆಗಾವಾಟಿನ ನಾಲ್ಕು ಘಟಕಗಳು. ಅದರಲ್ಲಿ ಒಂದನೆಯದು 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಮಾಡಿತ್ತು. ಕರೆಂಟಿನ ತವರುಮನೆಯೇ ಇದು. ಆದರೂ ಮಳೆಗಾಲದಲ್ಲಿ ಒಂದು ತೆಂಗಿನ ಹೆಡೆ ತಂತಿಯ ಮೇಲೆ ಬಿದ್ದರೆ ಸಾಕು, ತವರಿನ ಮಗಳು ಹೇಳದೆ ಹೊರಟುಬಿಡುತ್ತಾಳೆ. ಕರೆಂಟಿಲ್ಲದಾಗ ಸ್ವಿಚ್ಚು ಹಾಕಿದೆಯೋ ಆರಿಸಿದೆಯೋ ಯಾರಿಗೆ ಗೊತ್ತು? ಬಂದಾಗ ಬರಲಿ ಎಂದು ಎಲ್ಲವನ್ನೂ ಹಾಕಿಟ್ಟು ಮಲಗುವುದು ನಮ್ಮ ಕಡೆಯ ಆಷಾಢದ ವ್ರತ. ಕರೆಂಟು ನಡುರಾತ್ರಿ ಬರುತ್ತದೆ, ಬೆಳಗ್ಗೆ ಫೋನು ಕಿತ್ತುಕೊಂಡು ಹೋಗುತ್ತೇವೆ, ಚಾರ್ಜರು ಮಂಚದ ಪಕ್ಕ ಜೀವ ಹಿಡಿದು ಜೋತಾಡುತ್ತದೆ.

ನನ್ನ ನಾಲ್ಕು ಕಾಲಿನ ತಪಾಸಣೆ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ಮೇನ್ ಬೋರ್ಡು ನೋಡಿದ. "ಎಂಸಿಬಿ ಉಂಟಲ್ಲ" ಎಂದು ನಾನು ಎದೆಯುಬ್ಬಿಸಿದೆ. ಅದು ವೈರು ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ ಎಂದ. ಮೂವತ್ತು ಮಿಲಿ ಆಂಪಿಯರ್‌ನಷ್ಟು ಕರೆಂಟು ದಾರಿ ತಪ್ಪಿದರೂ ಕಣ್ಣು ಮಿಟುಕಿಸುವುದರೊಳಗೆ ಆರಿಸುವ ಇನ್ನೊಂದು ಪೆಟ್ಟಿಗೆ ಕೂರಿಸಿದ. ಮೊದಲ ಮಳೆಗೇ ಅದು ಮನೆ ಕತ್ತಲೆ ಮಾಡಿತು. ಹಾಳು ಮಾಲು ಎಂದು ಫೋನಿನಲ್ಲಿ ಕೂಗಾಡಿದೆ. ಅವನು ಬಂದು ನೋಡಿ, "ಪೆಟ್ಟಿಗೆ ಸರಿಯಿದೆ ಮಾಸ್ತರ್ರೇ, ನಿಮ್ಮ ಬಾವಿ ಪಂಪೇ ಕರೆಂಟು ಸೋರಿಸ್ತಿದೆ" ಎಂದ. ಆ ಪಂಪನ್ನು ಒದ್ದೆ ಕಾಲಿನಲ್ಲಿ ನಿಂತು ಹಾಕುತ್ತಿದ್ದವನು ನಾನೇ. ಬಿಲ್ಲಿಗೆ ಚೌಕಾಸಿ ಮಾಡಲಿಲ್ಲ.

ಸಾಕೆಟ್ಟುಗಳನ್ನೂ ಬದಲಿಸಿದೆವು. ಹೊಸದರ ಕಂಡಿಗೆ ಒಳಗೊಂದು ಪರದೆ ಇರುತ್ತದೆ. ಮೇಲಿನ ದೊಡ್ಡ ಕಂಡಿಗೆ ಪ್ಲಗ್ಗಿನ ಉದ್ದ ಕಾಲು ಹೋದ ಮೇಲೆಯೇ ಕೆಳಗಿನೆರಡು ತೆರೆಯುವುದು. ಮಗುವಿನ ಬೆರಳಿಗೆ ದಾರಿಯಿಲ್ಲ. ನನ್ನ ಹಳೇ ರೇಡಿಯೋದ ಎರಡು ಕಾಲಿನ ಪ್ಲಗ್ಗಿಗೂ ದಾರಿಯಿಲ್ಲ. ಇದಕ್ಕೆ ನಮ್ಮಲ್ಲೊಂದು ಸಾರ್ವತ್ರಿಕ ಉಪಾಯವಿದೆ: ಬಾಲ್‌ಪೆನ್ನಿನ ತುದಿಯಿಂದ ಮೇಲಿನ ಕಂಡಿಯನ್ನು ಒತ್ತಿ ಹಿಡಿದು ಪ್ಲಗ್ಗು ತೂರಿಸುವುದು. ಮಾಡಿದೆ. ಹಿಂದಿರುಗಿ ನೋಡಿದರೆ ಮೊಮ್ಮಗ ಕೂತಿದ್ದಾನೆ, ಕಣ್ಣು ಮಿಟುಕಿಸದೆ ಪಾಠ ಕೇಳುವ ವಿದ್ಯಾರ್ಥಿಯ ಹಾಗೆ. ಮರುದಿನ ಮಣ್ಣಿಯ ಚಮಚ ಹಿಡಿದು ಸೀದಾ ಅಲ್ಲಿಗೇ ಹೊರಟ. ನನ್ನ ಇಡೀ ಸೇವೆಯಲ್ಲಿ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡ ಶಿಷ್ಯ ಇವನೊಬ್ಬನೇ.

ರೇಡಿಯೋ ಈಗ ಅಟ್ಟ ಸೇರಿದೆ. ಚಾರ್ಜರು ಬೀರುವಿನಲ್ಲಿದೆ, ಬೀರುವಿನ ಕೀಲಿ ಹೆಂಡತಿಯ ಸೆರಗಿನಲ್ಲಿದೆ. ಫೋನಿಗೆ ದಿನಕ್ಕೆ ಒಂದು ತಾಸು, ನಾನು ಪಕ್ಕದಲ್ಲಿ ಕುರ್ಚಿ ಹಾಕಿ ಕೂತರೆ ಮಾತ್ರ, ಕರೆಂಟಿದ್ದರೆ ಮಾತ್ರ ಅನ್ನ. ಆದ್ದರಿಂದ ಸಂಜೆ ಆರರ ಮೇಲೆ ನನ್ನ ನಂಬರು ಸ್ವಿಚ್ ಆಫ್ ಎಂದು ಬಂದರೆ ಗಾಬರಿಯಾಗಬೇಡಿ. ತುರ್ತಿದ್ದರೆ ಮನೆಗೇ ಬನ್ನಿ; ಬರುವಾಗ ಚಾರ್ಜರು ತರಬೇಡಿ.